ಮಾವನ ಮಡಚುವ ಚಾಕು

ನಮ್ಮ ಮಾವ ಪಿಳ್ಳಣ್ಣನವರಿಗೆ ಯಾವುದನ್ನು ನೋಡಿದರೂ ಮೊದಲು ಕಾಣುವುದು ಅದರ ತಪ್ಪು. ಚಪಾತಿ ತಟ್ಟೆಗೆ ಬಿದ್ದರೆ ಎತ್ತಿ ಬೆಳಕಿಗೆ ಹಿಡಿದು, "ಈ ಕಡೆ ದಪ್ಪ" ಅನ್ನುತ್ತಾರೆ, ಆಮೇಲೆ ತಿನ್ನುತ್ತಾರೆ. ಗೋಡೆಗೆ ಕ್ಯಾಲೆಂಡರ್ ನೇತುಹಾಕಿದರೆ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ನಾನು ಮನೆಯ ಮುಂದಿನ ರೂಮಿನಲ್ಲಿ ಬ್ಲೌಸ್ ಹೊಲಿಯುವವಳು. ಯಡಿಯೂರು ಕೆರೆಯ ಸುತ್ತಮುತ್ತಲಿನ ಹೆಂಗಸರಿಗೆ ನನ್ನ ಹೊಲಿಗೆ ಹಿಡಿಸಿದೆ. ಮದುವೆಯಾಗಿ ಬಂದಾಗಿನಿಂದ ಹಿಡಿಸದೇ ಇರುವುದು ಮಾವನಿಗೆ ಮಾತ್ರ. ಗಿರಾಕಿ ಬಂದು ಕೂತಿರುವಾಗಲೇ ಒಳಗೆ ಬಂದು, ತೂಗುಹಾಕಿದ ಬ್ಲೌಸಿನ ಹುಕ್ಕುಗಳ ಮೇಲೆ ಬೆರಳಾಡಿಸಿ, "ಪದ್ಮಾ, ಮೂರನೇ ಹುಕ್ಕು ಒಂದು ನೂಲು ಕೆಳಗಿದೆ" ಎಂದು ಹೇಳಿ, ದೊಡ್ಡ ಉಪಕಾರ ಮಾಡಿದವರಂತೆ ಹೊರಟುಹೋಗುತ್ತಾರೆ. ಗಿರಾಕಿ ನನ್ನ ಮುಖ ನೋಡುತ್ತಾಳೆ. ನಾನು ಹಲ್ಲು ಕಚ್ಚಿ ನಗುತ್ತೇನೆ.

ಅದು ಅವರ ಸ್ವಭಾವವಲ್ಲ, ಕಸುಬು ಎಂದು ನನ್ನ ಗಂಡ ಮಹೇಶ್ ಸಮಾಧಾನ ಹೇಳುತ್ತಾರೆ. ಜೆ.ಪಿ. ನಗರದಲ್ಲಿ ಹಿಂದೆ ಇದ್ದ ಒಂದು ಪಂಪು ಕಾರ್ಖಾನೆಯಲ್ಲಿ ಮಾವ ಇನ್ಸ್‌ಪೆಕ್ಟರ್ ಆಗಿದ್ದರು. ಬೇರೆಯವರು ಮಾಡಿಟ್ಟ ಬಿಡಿಭಾಗಗಳಿಗೆ ಗೇಜು ಹಿಡಿದು ಅಳೆಯುವುದು, ಸರಿಯಿದ್ದರೆ ಒಳಗೆ ಬಿಡುವುದು, ಇಲ್ಲದಿದ್ದರೆ ಅದರ ಮೇಲೆ ಕೆಂಪು ಬಣ್ಣದ ಗೀಟು ಎಳೆದು ಪಕ್ಕಕ್ಕೆ ಎಸೆಯುವುದು, ಇಷ್ಟೇ ಅವರ ಕೆಲಸ. ಸ್ವಂತವಾಗಿ ಏನನ್ನೂ ಮಾಡಬೇಕಾಗಿರಲಿಲ್ಲ, ಮಾಡಲೂ ಇಲ್ಲ. ಕಾರ್ಖಾನೆ ಮುಚ್ಚಿ ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ಮಾವ ಬಾಲ್ಕನಿಗಳ ಸಾಲು ಓರೆಯಾಗಿದೆ ಎಂದು ಹೇಳದೆ ಬಿಡುವುದಿಲ್ಲ.

ಅದೇ ಕಾರ್ಖಾನೆಯಲ್ಲಿ ಬೇಗೂರಿನ ದ್ಯಾಮಣ್ಣ ಫಿಟ್ಟರ್ ಆಗಿದ್ದರು. ಕೈ ಚೆನ್ನಾಗಿ ಪಳಗಿದ್ದವರು. ಅವರ ಕೆಲಸದ ಮೇಲೆ ಕೆಂಪು ಗೀಟು ಬೀಳುತ್ತಿದ್ದದ್ದೇ ಅಪರೂಪವಂತೆ. ಒಂದು ದಿನ ಊಟದ ಬಿಡುವಿನಲ್ಲಿ ಅವರು ಒಂದು ಮಡಚುವ ಚಾಕು ತಂದು ತೋರಿಸಿದರು. ಮೆಷಿನ್ನಿನ ಮುರಿದ ಗರಗಸದ ಬ್ಲೇಡಿನಿಂದ ತಾವೇ ಮಾಡಿದ್ದು. ಜನ ಸುತ್ತ ಸೇರಿ, ಬಿಡಿಸಿ ಮಡಚಿ, ಹೊಗಳಿದ್ದೇ ಹೊಗಳಿದ್ದು. ಮಾವ ಗುಂಪಿನೊಳಗೆ ಕೈ ತೂರಿಸಿ ಚಾಕು ತೆಗೆದುಕೊಂಡರು. ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, "ಪ್ಲೇ ಇದೆ" ಎಂದರು. ಕೀಲು ಸಡಿಲವಾಗಿ ಅಲಗು ಅಲುಗಾಡಿದರೆ ಕಾರ್ಖಾನೆಯವರು ಹಾಗೆ ಹೇಳುತ್ತಾರೆ. ಆಮೇಲೆ ತಮ್ಮ ಮೇಜಿನಿಂದ ಕುಂಚ ತಂದು ಚಾಕುವಿನ ಹಿಡಿಯ ಮೇಲೆ ಒಂದು ಕೆಂಪು ಗೀಟು ಎಳೆದು ವಾಪಸು ಕೊಟ್ಟರು. ಹೊಗಳುತ್ತಿದ್ದ ಗುಂಪೇ ಹೋ ಎಂದು ನಕ್ಕಿತು. ಈ ಕಥೆಯನ್ನು ಮಾವ ನನಗೆ ಮದುವೆಯ ಹೊಸದರಲ್ಲಿ ನಗುತ್ತಾ ಹೇಳಿದ್ದರು, ಅದೂ ನಾನು ಅವರಿಗೆಂದು ಹೊಲಿದ ಅಂಗಿಯ ಕಾಲರನ್ನು ಕೈಯಲ್ಲಿ ಹಿಡಿದು ನೋಡುತ್ತಾ.

ಕಾರ್ಖಾನೆ ಹೋದರೂ ಅಲ್ಲಿಯ ಜನರ ಆಯುಧಪೂಜೆ ನಿಲ್ಲಲಿಲ್ಲ. ಸಿದ್ದಾಪುರದಲ್ಲಿ ಗೂಳಪ್ಪ ಎನ್ನುವವರದು ಒಂದು ಲೇತ್ ಶೆಡ್ಡು ಇದೆ. ಹಳಬರೆಲ್ಲ ಪ್ರತಿ ವರ್ಷ ಅಲ್ಲಿ ಸೇರುತ್ತಾರೆ. ಪೂಜೆಗೆ ಬರುವವರು ಸ್ವಂತ ಕೈಯಿಂದ ಮಾಡಿದ ಒಂದು ವಸ್ತು ತರಬೇಕು ಎನ್ನುವುದು ಅವರ ಪದ್ಧತಿ. ಒಬ್ಬರು ಬಾಗಿಲ ಚಿಲಕ ತರುತ್ತಾರೆ, ಇನ್ನೊಬ್ಬರು ಅಡಕತ್ತರಿ, ಮತ್ತೊಬ್ಬರು ಮೊಮ್ಮಗಳ ಆಟದ ಗಾಡಿಗೆ ಚಕ್ರ. ಅದು ಎಲ್ಲರ ಕೈ ದಾಟಿ ಬಂದ ಮೇಲೆ ಮಾಡಿದವರೇ ಕುಂಕುಮ ಇಟ್ಟು, ಚಾಮುಂಡಿಯ ಫೋಟೋ ಮುಂದೆ ಇರಿಸಿ, "ತಾಯೀ, ಇದು ನನ್ನ ಕೈಕೆಲಸ" ಎಂದು ಜೋರಾಗಿ ಹೇಳಬೇಕು. ಮಾವ ಮಾತ್ರ ಪ್ರತಿ ಸಲವೂ ತಮ್ಮ ಹಳೆಯ ಗೇಜನ್ನು ಇಟ್ಟು, ಬಾಯಿ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದರು.

ಹೋದ ವರ್ಷದ ಪೂಜೆಯಲ್ಲಿ ದ್ಯಾಮಣ್ಣ ಸುಮ್ಮನಿರಲಿಲ್ಲ. ಕಡ್ಲೆಪುರಿ ಹಂಚುವಾಗ ಎಲ್ಲರಿಗೂ ಕೇಳುವ ಹಾಗೆ, "ಏನಯ್ಯ ಪಿಳ್ಳಣ್ಣ, ಈ ಸಲಾನೂ ಅದೇ ಗೇಜಾ? ಅದು ಕಂಪ್ನಿದು ಕಣಯ್ಯ, ನಿಂದಲ್ಲ. ಜೀವಮಾನದಲ್ಲಿ ಒಂದು ಮೊಳೆನಾದ್ರೂ ಮಾಡಿದ್ದೀಯೇನು?" ಎಂದರು. ಎಲ್ಲರೂ ನಕ್ಕರು. ಮಾವನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದ ನಾನೂ ಸೆರಗು ಅಡ್ಡ ಹಿಡಿದು ನಕ್ಕೆ. ಇಷ್ಟು ವರ್ಷಗಳ ನನ್ನ ಹುಕ್ಕುಗಳ ಲೆಕ್ಕ ಯಾರೋ ತೀರಿಸಿದ ಹಾಗಾಗಿತ್ತು. ಬರುವಾಗ ಮಾವ ಹಿಂದಿನ ಸೀಟಿನಲ್ಲಿದ್ದರು. ಜಯನಗರದ ಸಿಗ್ನಲ್ ಹತ್ತಿರ, "ಪದ್ಮಾ, ಬರೋ ವರ್ಷಕ್ಕೆ ನಾನೊಂದು ಮಡಚೋ ಚಾಕು ಮಾಡ್ತೀನಿ" ಎಂದರು. ಪ್ಲೇ ಇಲ್ಲದ್ದಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಮನೆಗೆ ಬಂದು ಹೇಳಿದಾಗ ನಮ್ಮತ್ತೆ ಸಪ್ಪಲಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆಯೇ, "ಇಷ್ಟು ವರ್ಷ ಮಾಡೋರ್ನ ಬೈದ್ರಿ. ಈಗ ಮಾಡಿ ಬೈಸ್ಕೊಳ್ಳಿ" ಎಂದರು.

ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ತಾರಸಿ ಕಾರ್ಖಾನೆಯಾಯಿತು. ನನ್ನ ಹಳೆಯ ಹೊಲಿಗೆ ಮೆಷಿನ್ನಿನ ಟೇಬಲ್ಲಿಗೆ ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು ಬಂದು ಕೂತಿತು. ಗೂಳಪ್ಪನವರಿಂದ ಮುರಿದ ಗರಗಸದ ಬ್ಲೇಡು, ಒಂದಷ್ಟು ಅರ, ಕೈಯಲ್ಲಿ ತಿರುಗಿಸುವ ಡ್ರಿಲ್ಲು ಬಂದವು. ಉಕ್ಕನ್ನು ಕಾಯಿಸಿ ಮೆತ್ತಗೆ ಮಾಡಲು ಬೀದಿಯ ಕೊನೆಯ ಇಸ್ತ್ರಿ ಗಾಡಿಯವನ ಹತ್ತಿರ ಇದ್ದಿಲು ತಂದು, ತುಳಸಿ ಇಲ್ಲದ ಒಂದು ಖಾಲಿ ಕುಂಡದಲ್ಲಿ ಬೆಂಕಿ ಮಾಡಿದರು. ಒಣಹಾಕಿದ ಗಿರಾಕಿಗಳ ಬಟ್ಟೆಗೆಲ್ಲ ಹೊಗೆ ಹಿಡಿಯಿತು. ನಾನು ಕೆಳಗಿನಿಂದಲೇ ಕೂಗಾಡಿದೆ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

ಅವರು ಕೆಲಸ ಮಾಡುವುದನ್ನು ನೋಡುವುದು ಮೊದಮೊದಲು ನನಗೆ ಒಳ್ಳೆಯ ಮಜವಾಗಿತ್ತು. ಬಟ್ಟೆ ತರುವ ನೆಪದಲ್ಲಿ ಮೇಲೆ ಹೋಗಿ ನಿಲ್ಲುತ್ತಿದ್ದೆ. ಚಾಕು ಹೇಗಿರಬೇಕು ಎಂದು ಅವರಿಗೆ ಕೂದಲಿನಷ್ಟು ನಿಖರವಾಗಿ ಗೊತ್ತು. ಆದರೆ ಕಣ್ಣಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ನೇರ ಇರಬೇಕಾದ ಅಂಚು ಅರ ತಿಕ್ಕಿದಷ್ಟೂ ದುಂಡಗಾಗುತ್ತಿತ್ತು. ತೂತು ಕೊರೆದರೆ ಗುರುತು ಮಾಡಿದ ಚುಕ್ಕೆ ಒಂದು ಕಡೆ, ತೂತು ಇನ್ನೊಂದು ಕಡೆ. ಅದನ್ನು ಕಣ್ಣಿನ ಹತ್ತಿರ ಹಿಡಿದು, "ಥೂ" ಎಂದು ತಮ್ಮನ್ನು ತಾವೇ ಬೈದುಕೊಂಡು ಎಸೆದು, ಮತ್ತೆ ಹೊಸ ತುಂಡು ಕತ್ತರಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು, "ಯಾಕ್ ಮಾವ, ಒಂದು ನೂಲು ಕೆಳಗಿದ್ಯಾ?" ಎಂದು ಕೇಳಿಯೂ ಬಿಟ್ಟೆ. ಅವರು ಸಿಟ್ಟು ಮಾಡಲಿಲ್ಲ. "ಒಂದಲ್ಲ, ಎರಡು" ಎಂದರು. ಆ ಉತ್ತರ ಬಂದ ಮೇಲೆ ನನಗೆ ಮತ್ತೆ ಕೆಣಕಲು ಮನಸ್ಸಾಗಲಿಲ್ಲ.

ಮಳೆಗಾಲದ ಹೊತ್ತಿಗೆ ಒಂದು ಅಲಗು ಸರಿಯಾಗಿ ಬಂತು. ನಿಜವಾಗಿಯೂ ಚೆನ್ನಾಗಿತ್ತು. ಹಿಡಿಗೆ ಅತ್ತೆಯ ಸೀಳಿದ ಲಟ್ಟಣಿಗೆಯನ್ನು ಕುಯ್ದು, ಎರಡು ಹೋಳು ಮಾಡಿ, ಉಜ್ಜಿ ನಯ ಮಾಡಿದರು. ಕೀಲಿನ ರಿವೆಟ್ಟನ್ನು ಮೆಲ್ಲಗೆ ಬಡಿದು ಕೂರಿಸಿದರು. ಅಲಗು ಅಲುಗಾಡಲಿಲ್ಲ. ಅದನ್ನು ನನಗೆ ತೋರಿಸಲು ಮೆಟ್ಟಿಲಿಳಿದು ಬಂದಿದ್ದರು. ಅವರ ಬೆರಳ ತುದಿಗಳು ಕಪ್ಪಾಗಿ ಒಡೆದಿದ್ದವು. "ಹೆಂಗಿದೆ?" ಎಂದು ಕೇಳಿದರು. ಆ ಮನೆಯಲ್ಲಿ ಅವರು ಆ ಪ್ರಶ್ನೆ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಸಖತ್ತಾಗಿದೆ ಮಾವ" ಎಂದೆ, ಮನಸ್ಸಿನಿಂದಲೇ.

ಕೆಲಸ ಸಿಕ್ಕಿಹಾಕಿಕೊಂಡದ್ದು ಸ್ಪ್ರಿಂಗಿನಲ್ಲಿ. ಮಡಚುವ ಚಾಕುವಿನ ಹಿಡಿಯ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದು ಅಲಗಿನ ಬುಡವನ್ನು ಒತ್ತಿ ಹಿಡಿದರೇ ಚಾಕು ಬಿಡಿಸಿದಾಗ ಬಿಡಿಸಿದ ಹಾಗೆ ನಿಲ್ಲುವುದು, ಮಡಚಿದಾಗ ಟಕ್ಕೆಂದು ಒಳಗೆ ಕೂರುವುದು. ಮಾವ ಮಾಡಿದ ಪಟ್ಟಿಗಳು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಮತ್ತೆ ಸ್ವಲ್ಪ ಕಾವು ಕೊಟ್ಟು ಹದ ಮಾಡಲು ಹೋದರೆ ಮೆತ್ತಗಾಗಿ, ಬಗ್ಗಿದ್ದು ಬಗ್ಗಿದ ಹಾಗೆಯೇ ಉಳಿಯುತ್ತಿದ್ದವು. ಅಂಥ ಮೆತ್ತಗಿನದೊಂದನ್ನು ಹಾಕಿ ನೋಡುವಾಗ ಚಾಕು ತಾನಾಗಿಯೇ ಮಡಚಿಕೊಂಡು ಅವರ ಹೆಬ್ಬೆರಳು ಕುಯ್ದಿತು. ಆ ದಿನ ಮಾವ ನನ್ನನ್ನು ಕರೆದು, "ಜಯನಗರ ಫೋರ್ತ್ ಬ್ಲಾಕ್ ಕಡೆ ಹೋದ್ರೆ ಒಂದು ಮಡಚೋ ಚಾಕು ತಗೊಂಬಾಮ್ಮ. ಮಾದರಿಗೆ. ಪಟ್ಟಿ ಎಷ್ಟು ದಪ್ಪ ಇಟ್ಟಿದ್ದಾರೆ ಅಂತ ನೋಡ್ಬೇಕು" ಎಂದರು. ತಂದುಕೊಟ್ಟೆ. ಮಾದರಿ ಎಂದೇ ನಾನೂ ನಂಬಿದ್ದೆ. ಆಮೇಲೂ ಅವರು ಪಟ್ಟಿ ಮಾಡಿದರು, ಮುರಿದರು, ಮಾಡಿದರು. ದಸರಾ ಹತ್ತಿರ ಬಂದ ಹಾಗೆ ಅವರ ಊಟ ಕಡಿಮೆಯಾಯಿತು.

ಪೂಜೆಯ ಹಿಂದಿನ ಸಂಜೆ ಬಟ್ಟೆ ತರಲು ತಾರಸಿಗೆ ಹೋದೆ. ಮಾವ ಟೇಬಲ್ಲಿನ ಮುಂದೆ ಕೂತು ಚಾಕುವನ್ನು ಬಿಡಿಸಿ ಮಡಚುತ್ತಿದ್ದರು. ಟಕ್, ಟಕ್ ಎಂದು ಅಚ್ಚುಕಟ್ಟಾದ ಸದ್ದು. ಬಂತಲ್ಲ ಮಾವ ಎಂದು ಖುಷಿಯಿಂದ ಹತ್ತಿರ ಹೋದವಳಿಗೆ ಅವರ ಕಾಲ ಬಳಿಯ ಬಕೆಟ್ಟಿನಲ್ಲಿ ನಾನು ಕೊಂಡುತಂದ ಚಾಕು ಕಾಣಿಸಿತು. ಹಿಡಿ ಎರಡು ಹೋಳಾಗಿತ್ತು, ಅಲಗು ಬೇರೆ ಬಿದ್ದಿತ್ತು. ಬೆನ್ನಿನ ಪಟ್ಟಿ ಮಾತ್ರ ಇರಲಿಲ್ಲ. ನಾನು ನೋಡಿದ್ದನ್ನು ಮಾವ ನೋಡಿದರು. ಕಾಲಿನಿಂದ ಬಕೆಟ್ಟನ್ನು ಟೇಬಲ್ಲಿನ ಕೆಳಗೆ ಸರಿಸಿದರು. ನಾನು ಬಟ್ಟೆ ಎತ್ತಿಕೊಂಡು ಕೆಳಗಿಳಿದೆ.

ಮರುದಿನ ಗೂಳಪ್ಪನವರ ಶೆಡ್ಡಿನ ಬಾಗಿಲಿಗೆ ಬಾಳೆಕಂದು ಕಟ್ಟಿ, ಲೇತಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮಾವ ಜೇಬಿನಿಂದ ಚಾಕು ತೆಗೆದಾಗ ಎಲ್ಲರೂ ಹತ್ತಿರ ಬಂದರು. ಅದು ಕೈಯಿಂದ ಕೈಗೆ ಹೋಯಿತು. ಅಲಗು ಸೊಗಸಾಗಿದೆ, ಹಿಡಿ ನಯವಾಗಿದೆ ಎಂದರು. ಆದರೆ ಎಲ್ಲರ ಮುಖ ಅರಳಿಸಿದ್ದು ಆ ಟಕ್ ಎನ್ನುವ ಸದ್ದು. "ಏನ್ ಸ್ಪ್ರಿಂಗ್ ಗುರೂ!" ಎಂದು ಗೂಳಪ್ಪ ಕಿವಿಯ ಹತ್ತಿರ ಹಿಡಿದು ಮತ್ತೆ ಮತ್ತೆ ಮಡಚಿದರು. ಮಾವ ನೆಲ ನೋಡುತ್ತಿದ್ದರು. ನಾಚಿಕೊಂಡಿದ್ದಾರೆ ಎಂದು ಎಲ್ಲರೂ ಅಂದುಕೊಂಡರು. ಅದು ಎಂಥ ನಾಚಿಕೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಕೊನೆಗೆ ಚಾಕು ದ್ಯಾಮಣ್ಣನವರ ಕೈಗೆ ಬಂತು. ಅವರು ತಮಾಷೆ ಮಾಡಲಿಲ್ಲ. ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರು, ಹೆಬ್ಬೆರಳಿನಿಂದ ಬೆನ್ನು ಸವರಿದರು, ಮಡಚಿದರು. ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದರು.

"ಪಿಳ್ಳಣ್ಣ, ನಾನು ನಿನ್ನ ಬಗ್ಗೆ ಎಲ್ರ ಹತ್ರಾನೂ ಒಂದು ಮಾತು ಹೇಳ್ಕೊಂಡು ಬಂದಿದ್ದೆ. ಮಾಡಕ್ಕೆ ಬರ್ದೇ ಇರೋನು ಮಾಡೋನಿಗೆ ತಪ್ಪು ಹೇಳ್ತಾನೆ ಅಂತ. ಇವತ್ತು ವಾಪಸ್ ತಗೊಂತೀನಿ ಕಣಯ್ಯ" ಎಂದರು. ಚಾಕುವನ್ನು ಇನ್ನೊಮ್ಮೆ ಬಿಡಿಸಿ, "ಅವತ್ತು ನನ್ ಚಾಕುದಲ್ಲಿ ಪ್ಲೇ ಇದೆ ಅಂದೆ. ಇಲ್ಲ ಅಂತ ನಾನು ಸಾಯೋ ತನಕ ವಾದ ಮಾಡ್ತಿದ್ದೆ. ಇಂಥಾ ಚಾಕು ಮಾಡೋ ಕೈ ಇದೆ ಅಂದ್ರೆ, ನಿನ್ ಕೈಗೆ ಗೊತ್ತಾಗಿದ್ದು ನಿಜಾನೇ ಇರ್ಬೇಕು. ನನ್ ಕೆಲಸದಲ್ಲೇ ತಪ್ಪಿತ್ತು" ಎಂದರು.

ಮಾವ ಬಾಯಿ ತೆರೆದರು. ಈಗ ಹೇಳಿಯೇಬಿಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಗೂಳಪ್ಪ ಕುಂಕುಮದ ಬಟ್ಟಲು ಮುಂದೆ ಹಿಡಿದು, "ಬಾ ಬಾ, ಈ ಸಲ ಬಾಯ್ಬಿಟ್ಟು ಹೇಳು" ಎಂದು ಬೆನ್ನು ತಟ್ಟಿದರು. ಮಾವ ಚಾಕುವಿಗೆ ಕುಂಕುಮ ಇಟ್ಟರು. ಫೋಟೋ ಮುಂದೆ ಇರಿಸಿದರು. "ತಾಯೀ, ಇದು ನನ್ನ ಕೈಕೆಲಸ" ಎಂದರು. ಧ್ವನಿ ಹೊರಗೆ ಬರಲಿಲ್ಲ. "ಜೋರಾಗ್ ಹೇಳೋ" ಎಂದು ಎಲ್ಲರೂ ಕೂಗಿದರು. ಜೋರಾಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಟ್ಟದಿದ್ದರೆ ಯಾಕೆ ಎಂದು ಯಾರಾದರೂ ಕೇಳಬಹುದೆಂಬ ಭಯಕ್ಕೆ.

ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ, ವಿಜಯದಶಮಿಯ ಬೆಳಿಗ್ಗೆ ಹೋಗಿ ತರಬೇಕು. ಮಾವ ತರಲು ಹೋಗಲಿಲ್ಲ. ಕಾಲು ನೋವು ಎಂದರು. ಸಂಜೆ ಗೂಳಪ್ಪನವರ ಫೋನು ಬಂತು: ದ್ಯಾಮಣ್ಣ ಚಾಕು ತೆಗೆದುಕೊಂಡು ಹೋಗಿದ್ದಾರೆ, ಮನೆಯವರಿಗೆಲ್ಲ ತೋರಿಸಿ ತಾವೇ ತಂದುಕೊಡುತ್ತಾರಂತೆ. ಮಾವ ಫೋನಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು.

ಆ ವಾರ ನಮ್ಮ ಮನೆಯಲ್ಲಿ ಯಾರ ತಪ್ಪನ್ನೂ ಯಾರೂ ಹೇಳಲಿಲ್ಲ. ಚಪಾತಿ ಎರಡು ಕಡೆಯೂ ದಪ್ಪ ಮಾಡಿ ಹಾಕಿದೆ, ಬೇಕೆಂದೇ, ಸುಮ್ಮನೆ ತಿಂದರು. ದೇವರ ಮನೆಯ ಮುಂದೆ ಹಾದುಹೋಗಬೇಕಾದರೆ ತಲೆ ತಗ್ಗಿಸಿಕೊಂಡು ಬೇಗ ದಾಟುತ್ತಿದ್ದರು. ಗಡ್ಡ ಬೆಳೆಯಿತು. "ಏನಾಯ್ತೋ ಇವ್ರಿಗೆ, ಹೊಗಳಿಸ್ಕೊಂಡ್ ಬಂದೋರು ಹಿಂಗ್ಯಾಕಿದ್ದಾರೆ" ಎಂದು ಅತ್ತೆ ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಮಾವ ಹೀಗೆ ತಣ್ಣಗಾಗಲಿ ಎಂದು ಎಷ್ಟು ವರ್ಷ ಬಯಸಿದ್ದೆನೋ. ಈಗ ಆಗಿದ್ದಾರೆ, ನನಗೆ ಒಂದಿಷ್ಟೂ ಸಂತೋಷವಿಲ್ಲ. ಮೂಲೆಯಲ್ಲಿ ಕೂತ ಅವರನ್ನು ನೋಡಿದರೆ ನನಗೇ ನಾಚಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ತಾರಸಿಗೆ ಹೋದರೆ ವೈಸಿನ ಮುಂದೆ ಸುಮ್ಮನೆ ಕೂತಿದ್ದರು. ನಾನು ತಡೆದುಕೊಳ್ಳಲಾರದೆ, "ಸ್ಪ್ರಿಂಗ್ ಒಂದೇ ತಾನೇ ಮಾವ. ಹೋಗಿ ಹೇಳ್ಬಿಡಿ. ಅದಕ್ಯಾಕೆ ಇಷ್ಟು ಸೊರಗ್ತೀರ?" ಎಂದೆ.

"ಸ್ಪ್ರಿಂಗ್ ಅಲ್ಲಮ್ಮ" ಎಂದರು. ಟೇಬಲ್ಲಿನ ಮೇಲಿದ್ದ ಉಕ್ಕಿನ ಪುಡಿಯನ್ನು ಅಂಗೈಯಿಂದ ಒಂದು ಕಡೆ ಒಟ್ಟುಮಾಡಿದರು. "ಅವನ್ ಚಾಕುದಲ್ಲಿ ಪ್ಲೇ ಇರ್ಲಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ದ್ಯಾಮಣ್ಣನವರ ಹಳೆಯ ಚಾಕುವಿನ ಮಾತು ಎಂದು ಹೊಳೆದಾಗ, "ಮತ್ತೆ ಗೀಟು ಯಾಕೆ ಎಳೆದ್ರಿ?" ಎಂದೆ.

"ಅದನ್ನೇ ಕೇಳ್ಕೊತಾ ಇದ್ದೀನಿ. ಕೀಲು ಕೂದ್ಲು ಎಳೆಯಷ್ಟೂ ಅಲ್ಲಾಡ್ತಿರ್ಲಿಲ್ಲ. ನನ್ ಕೈಗೆ ಗೊತ್ತಾಗಿತ್ತು. ಗೊತ್ತಿದ್ದೂ ಹೇಳ್ದೆ. ಇಷ್ಟು ದಿನ ಅವನು ನನ್ನ ಬೈಕೊಂಡಾದ್ರೂ ಇದ್ದ, ತನ್ನ ಕೆಲಸ ಸರಿ ಅಂತ ನಂಬ್ಕೊಂಡಿದ್ದ. ಈಗ ನಾನು ಅಂಗಡಿಯಿಂದ ತರ್ಸಿದ ಸ್ಪ್ರಿಂಗ್ ನೋಡಿ ಅದನ್ನೂ ಬಿಟ್ಬಿಟ್ಟ."

 ಗೇಜು ಹಿಡಿದ ಮನುಷ್ಯ ಸುಳ್ಳು ಅಳತೆ ಹೇಳಿದ್ದ; ಅದನ್ನು ಇಷ್ಟು ವರ್ಷ ತಮಾಷೆಯ ಕಥೆ ಮಾಡಿ ಮನೆಯವರಿಗೆಲ್ಲ ಹೇಳಿ ನಗಿಸಿದ್ದ. ನನಗೆ ಅವರ ಮೇಲೆ ರೇಗಿಹೋಯಿತು. "ನಡೀರಿ, ಎದ್ದೇಳಿ. ಬೇಗೂರಿಗೆ ಹೋಗೋಣ. ಎರಡೂ ಹೇಳಿ" ಎಂದೆ. ಸೊಸೆ ಮಾವನಿಗೆ ಹಾಗೆ ಹೇಳಬಾರದು. ಆದರೂ ಅವರು ಎದ್ದು, ಮುಖ ತೊಳೆದು, ಗಡ್ಡ ಬೋಳಿಸಿಕೊಂಡು, ಒಗೆದ ಪಂಚೆ ಉಟ್ಟುಕೊಂಡು ಬಂದರು.

ಬೇಗೂರಿನ ನಾಗೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ದ್ಯಾಮಣ್ಣನವರ ಮನೆ. ಹಳೆಯ ಕಾಲದ್ದು, ಮುಂದೆ ಕಲ್ಲಿನ ಕಟ್ಟೆ. ನಮ್ಮನ್ನು ಕಂಡು ಅವರು ಹಿಗ್ಗಿಹೋದರು. "ಬಾರಯ್ಯ! ನಾನೇ ಬರೋನಿದ್ದೆ" ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದರು. ಅವರ ಹೆಂಡತಿ ಕಾಫಿ ತಂದರು. "ನಿಮ್ ಚಾಕುನೇ ಇವ್ರಿಗೆ ಧ್ಯಾನ. ಪಕ್ಕದ್ ಮನೇವ್ರಿಗೂ ತೋರ್ಸಿದ್ದಾರೆ" ಎಂದು ನಕ್ಕು ಒಳಗೆ ಹೋದರು. ದ್ಯಾಮಣ್ಣ ಕಿಟಕಿಯಿಂದ ಚಾಕು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅದರ ಕುಂಕುಮವನ್ನು ಅವರು ಒರೆಸಿರಲಿಲ್ಲ.

ಮಾವ ಕಾಫಿ ಮುಟ್ಟಲಿಲ್ಲ. "ದ್ಯಾಮಣ್ಣ, ಅದರ ಸ್ಪ್ರಿಂಗ್ ನಂದಲ್ಲ. ಅಂಗಡಿ ಚಾಕುದು. ನಂಗೆ ಮಾಡಕ್ ಬರ್ಲಿಲ್ಲ. ಸುಳ್ಳು ಹೇಳ್ದೆ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ದ್ಯಾಮಣ್ಣ ಚಾಕುವನ್ನೊಮ್ಮೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟೇನೇನೋ? ಅದಕ್ಕೆ ಸೊಸೆ ಕರ್ಕೊಂಡು ಇಲ್ಲಿ ತನ್ಕ ಬಂದ್ಯಾ? ಥೂ ನಿನ್ನ! ಅಲಗು ನಿಂದು ತಾನೇ? ಕೀಲು ನಿಂದು ತಾನೇ? ಮೊದಲ್ನೇ ಸಲಕ್ಕೆ ಸ್ಪ್ರಿಂಗ್ ಯಾರಪ್ಪನ್ ಕೈಲೂ ಬರಲ್ಲ. ಬಾ ಒಂದಿನ, ಕೂತ್ಕೊಂಡು ಮಾಡೋಣ. ಗೂಳಪ್ಪಂಗೆ ನಾನೇನೂ ಹೇಳಲ್ಲ ಬಿಡು." ಮಾವನ ಮಂಡಿಯ ಮೇಲೆ ಕೈಯಿಟ್ಟು, "ಕಾಫಿ ಕುಡಿ" ಎಂದರು.

ಮಾವ ಕುಡಿದರು. ಎದ್ದರು. ಚಪ್ಪಲಿ ಮೆಟ್ಟಿಕೊಂಡರು. ನಾನು ಗಾಡಿಯ ಬೀಗದಕೈ ಹಿಡಿದು ನಿಂತಿದ್ದೆ. ಇನ್ನೊಂದನ್ನು ಹೇಳದೆಯೇ ಹೊರಡುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಹೇಳದಿದ್ದರೇ ಒಳ್ಳೆಯದೇನೋ ಎಂದೂ ಅನ್ನಿಸತೊಡಗಿತ್ತು, ದ್ಯಾಮಣ್ಣ ಅಷ್ಟು ನಗುನಗುತ್ತಾ ಇದ್ದರು. ಎರಡು ಹೆಜ್ಜೆ ಇಟ್ಟವರು ಹಿಂದಿರುಗಿ ನಿಂತರು.

"ನಿನ್ ಚಾಕುದಲ್ಲಿ ಪ್ಲೇ ಇರ್ಲಿಲ್ಲ ಕಣೋ."

"ಯಾವ ಚಾಕು?"

"ನಾನು ಗೀಟು ಎಳೆದಿದ್ದು."

ದ್ಯಾಮಣ್ಣನವರ ನಗು ಮುಖದ ಮೇಲೆ ಅರ್ಧಕ್ಕೆ ನಿಂತಿತು. "ಈಗ ಮಾಡಿ ನೋಡಿದ್ಮೇಲೆ ಗೊತ್ತಾಯ್ತಾ?"

"ಇಲ್ಲ. ಅವತ್ತೇ ಗೊತ್ತಿತ್ತು. ಎಲ್ರೂ ನಿನ್ನ ಹೊಗಳ್ತಿದ್ರು. ನಂಗೆ ನೋಡಕ್ಕಾಗ್ಲಿಲ್ಲ."

ಓಣಿಯಲ್ಲಿ ಒಂದು ಆಟೋ ಹೋಯಿತು. ದ್ಯಾಮಣ್ಣ ಕಟ್ಟೆಯ ಮೇಲೆ ನಿಧಾನವಾಗಿ ಕೂತರು. ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಮಾವನ ಕಡೆ ನೋಡದೆ ಅವರು ನನಗೆ ಹೇಳಿದರು:

"ನಮ್ಮಪ್ಪಂಗೆ ಅಂತ ಮಾಡಿದ್ದು ಕಣಮ್ಮ. ಎಲೆ ಅಡಿಕೆ ಹಾಕೋರು. ಹಲ್ಲು ಹೋದ್ಮೇಲೆ ಅಡಿಕೆ ಸಣ್ಣಗೆ ಕುಯ್ಕೊಳ್ಳೋಕೆ ಒಂದು ಚಾಕು ಮಾಡ್ಕೊಡೋ ಅಂತ ಕೇಳಿದ್ರು. ನಾನು ಕಾರ್ಖಾನೆ ಸೇರಿದ್ದೇ ಅವ್ರಿಗೆ ಇಷ್ಟ ಇರ್ಲಿಲ್ಲ. ನನ್ ಕೆಲಸ ನಂಬಿ ಅವ್ರು ಕೇಳಿದ್ದು ಅದೊಂದೇ. ಬಾಯಲ್ಲಿ ವಾದ ಮಾಡ್ತಿದ್ದೆ, ಆದ್ರೆ ಇನ್ಸ್‌ಪೆಕ್ಟರ್ ತಪ್ಪಿದೆ ಅಂದ ಚಾಕುನ ಅಪ್ಪಂಗೆ ಹೆಂಗೆ ಕೊಡೋದು? ಕೆರೆಗೆ ಎಸೆದ್ಬಿಟ್ಟೆ. ಇನ್ನೊಂದು ಮಾಡೋಣ ಅಂತ ಕೂತ್ರೆ ಕೈಗೆ ಧೈರ್ಯ ಬರ್ತಿರ್ಲಿಲ್ಲ. ಹಾಸಿಗೆ ಹಿಡಿದ್ಮೇಲೂ ಕೇಳ್ತಿದ್ರು, ಚಾಕು ಆಯ್ತೇನೋ ಅಂತ. ಇನ್ನೂ ಇಲ್ಲಪ್ಪ, ಸರಿ ಬರ್ತಿಲ್ಲ ಅಂತಿದ್ದೆ."

ಮಾವ ನಿಂತಲ್ಲೇ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ದ್ಯಾಮಣ್ಣ ಕೈಯಲ್ಲಿದ್ದ ಚಾಕುವನ್ನು ಮಡಚಿ, ಕಟ್ಟೆಯ ಅಂಚಿನಲ್ಲಿಟ್ಟು, "ತಗೊಂಡ್ಹೋಗಮ್ಮ" ಎಂದು ನನಗೆ ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಜೋರಾಗಿ ಅಲ್ಲ, ದಿನಾ ಮುಚ್ಚುವ ಹಾಗೆಯೇ.

ನಾನು ಚಾಕು ಎತ್ತಿ ಬ್ಯಾಗಿಗೆ ಹಾಕಿಕೊಂಡೆ. "ಬನ್ನಿ ಮಾವ" ಎಂದು ತೋಳು ಹಿಡಿದೆ. ಅವರು ಬಿಡಿಸಿಕೊಂಡರು. "ನೀನ್ ಹೋಗಿರಮ್ಮ. ಅವನು ಬಾಗ್ಲು ತೆಗೀಲಿ, ನಾಕು ಬಾರಿಸ್ಲಿ. ಆಮೇಲೆ ಬರ್ತೀನಿ" ಎಂದು ಚಪ್ಪಲಿ ಕಳಚಿಟ್ಟು, ಕಟ್ಟೆಯ ಮೇಲಲ್ಲ, ಅದರ ಕೆಳಗೆ ನೆಲದ ಮೇಲೆ ಕೂತರು. ಬಿಸಿಲು ಇಳಿಯುವವರೆಗೂ ನಾನು ಗಾಡಿಗೆ ಒರಗಿ ನಿಂತಿದ್ದೆ. ಬಾಗಿಲು ತೆರೆಯಲಿಲ್ಲ.